ನೆತ್ತಿಯ ವಾಸನೆ

ಬಸುರಿ ಎಳೆದ ಉಸಿರೆಲ್ಲ ಕೂಸಿನ ನೆತ್ತಿಯಲ್ಲಿ ವಾಸನೆಯಾಗಿ ಉಳಿಯುವುದು ಆ ಊರಿನಲ್ಲಿ ಯಾರಿಗೂ ಹೊಸದಾಗಿರಲಿಲ್ಲ. ಐದನೆಯ ದಿನ ಕೂಸಿಗೆ ಎರೆದು, ಮನೆಯ ಹಿರಿಯಳು ನೆತ್ತಿ ಮೂಸಿ, ಬಂದ ವಾಸನೆಯನ್ನು ಎಲ್ಲರೆದುರು ಹೇಳಬೇಕು. ಹೊಗೆಯ ವಾಸನೆ ಬಂದರೆ ಬಾಣಂತಿ ಕೂಸನ್ನು ಬಿಟ್ಟು ತವರಿಗೆ ಹೋಗಬೇಕು.

ಬಸುರಿಯಿದ್ದಾಗ ಹಿತ್ತಲಲ್ಲಿ ಕದ್ದು ಬೀಡಿ ಸೇದಿದ್ದ ಶಾವಂತ್ರಿ ಬಾಣಂತಿಯ ಹೊರಸಿನ ಮೇಲೆ ಕುಳಿತು ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ಲಗೂನ ಹೇಳ ನೀಲಕ್ಕ, ಚಹಾ ಆರಾಕತ್ತೈತಿ," ಎಂದು ನೆರೆಯವಳು ನಕ್ಕಳು.

ಅತ್ತೆ ಬಾಗಿ ಮೂಸಿದಳು. ಅವಳ ಮುಖ ಬಿಳಚಿಕೊಂಡಿತು. ಮತ್ತೊಮ್ಮೆ ಮೂಸಿದಳು.

"ಹಾಲಿನ ವಾಸನಿ," ಎಂದು ಗಟ್ಟಿಯಾಗಿ ಹೇಳಿ, ಬೇರೆಯವರು ಹತ್ತಿರ ಬರುವ ಮೊದಲೇ ಲೋಬಾನದ ಹೊಗೆ ಹಾಕಿಸಿದಳು.

ಎಲ್ಲರೂ ಹೋದ ಮೇಲೆ ಶಾವಂತ್ರಿ ಅತ್ತೆಯ ಕೈ ಹಿಡಿದುಕೊಂಡಳು. "ಅತ್ತಿ, ನಾ ಬೀಡಿ ಸೇದಿದ್ದೆ."

"ಗೊತ್ತಾತು ಬಿಡವಾ. ಅದರ ಕೆಳಗ ಚುಟ್ಟಾದ ವಾಸನಿನೂ ಐತಿ. ನಿನ್ನ ಗಂಡನ್ನ ಹೊತ್ತಾಗ ನಾ ಸೇದಿದ್ದು."

ಶಾವಂತ್ರಿ ಮಗಳ ನೆತ್ತಿಗೆ ಮೂಗು ಹಚ್ಚಿದಳು. ಮೊದಲು ಬೀಡಿ, ಆಮೇಲೆ ಚುಟ್ಟಾ. ಅವೆರಡರ ಕೆಳಗೆ, ಇಬ್ಬರಿಗೂ ಗುರುತು ಹತ್ತದ ಯಾರದೋ ಹೊಗೆ ಇನ್ನೂ ಬೆಚ್ಚಗಿತ್ತು.