ಮೊದಲ ಸರದಿ

ಆ ಕಾಲೇಜಿನಲ್ಲಿ ವಿಷಯ ಆರಿಸಿಕೊಳ್ಳುವ ಮೊದಲ ಸರದಿ, ಹಿಂದಿನ ಸೆಮಿಸ್ಟರಿನಲ್ಲಿ ಯಾರನ್ನು ಜನ ತೀರಾ ಕಡಿಮೆ ಮಾತಾಡಿಸಿದ್ದರೋ ಅವರಿಗೆ. ಪ್ರತಿಯೊಬ್ಬರ ಮಣಿಕಟ್ಟಿನ ಬ್ಯಾಂಡು, ಸಹಪಾಠಿಗಳು ಮಾತಾಡಿಸಿದ್ದನ್ನೆಲ್ಲ ಎಣಿಸುತ್ತಿತ್ತು. ಈ ಸಲವೂ ನೀಲಗಂಗಾಳೇ ಮೊದಲು. ಉಳಿದವರೆಲ್ಲ ಕ್ಯಾಂಟೀನಿನಲ್ಲಿ ಹರಟೆ ಹೊಡೆಯುತ್ತ ಕೂತಿದ್ದರು.

“ನಿನ್ನ ಅದೃಷ್ಟ ಕಣಮ್ಮ, ಎಲ್ಲ ಕ್ಲಾಸೂ ಖಾಲಿ ಇವೆ. ಯಾವುದು ಬೇಕಾದ್ರೂ ತಗೋ,” ಎಂದರು ಕೌಂಟರಿನ ಧರಣೇಂದ್ರಯ್ಯ.

“ಜಾಸ್ತಿ ಜನ ಯಾವುದಕ್ಕೆ ಸೇರ್ತಾರೆ ಸರ್?”

“ಈಗಲೇ ಹೇಗೆ ಗೊತ್ತಾಗುತ್ತೆ? ಗೆಳೆಯರಿರೋರು ಕೊನೆಗೆ ಬಂದು, ಮಾತಾಡ್ಕೊಂಡು ಒಟ್ಟಿಗೆ ಸೇರ್ತಾರೆ.”

ನೀಲಗಂಗಾ ಕ್ಯಾಂಟೀನಿನ ಕಡೆ ತಿರುಗಿ ನೋಡಿದಳು. “ಹಾಗಾದ್ರೆ ನಾನೂ ಕೊನೆಗೇ ಬರ್ಲಾ?”

ಧರಣೇಂದ್ರಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. “ಅದಕ್ಕೆ ಯಾರಾದ್ರೂ ನಿನ್ನನ್ನ ಮಾತಾಡಿಸಿರಬೇಕಲ್ಲಮ್ಮ. ನಾನು ಮಾತಾಡಿಸಿದ್ದು ಲೆಕ್ಕಕ್ಕೆ ಬರಲ್ಲ.”