ಒಲೆಯ ಕಲ್ಲು

"ಅದು ಕೋಟೆ ಕಲ್ಲು ಕಣಮ್ಮ, ಕಿತ್ತು ಕೊಡು," ಎಂದು ಕೋಟೆಯ ಧಣಿಯ ಕಾರಭಾರಿ ಎಕ್ಬರ್ಟ್ ರಿಖ್ಲಿಂಡಳ ರೊಟ್ಟಿ ಒಲೆಗೆ ಬೆತ್ತದಿಂದ ಕುಟ್ಟಿದ. ರೈನ್ ನದಿ ದಂಡೆಯ ಗುಡ್ಡದ ಮೇಲೆ, ಧಣಿಯ ವೈರಿ ಬಿಷಪ್ಪನ ದಂಡು ಮೂರನೇ ಸಲ ಕೆಡವಿದ್ದ ಕೋಟೆ ಮತ್ತೆ ಏಳುತ್ತಿತ್ತು. ಬಿದ್ದ ಕೋಟೆಯಿಂದ ಊರವರು ಮನೆಗೆ ಹೊತ್ತು ತಂದಿದ್ದ ಕಲ್ಲುಗಳೆಲ್ಲ ವಾಪಸು ಹೋಗಬೇಕಿತ್ತು.

"ಕದ್ದ ಮಾಲು ಇಟ್ಕೊಂಡು ಕಣ್ಣು ಬೇರೆ ಬಿಡ್ತೀಯಾ?" ಎಂದ ಎಕ್ಬರ್ಟ್.

ರಿಖ್ಲಿಂಡ್ ಹಾರೆ ಎತ್ತಿಕೊಂಡು ಕಲ್ಲನ್ನು ಮೀಟಿದಳು. ಒಲೆ ಕುಸಿದು ಅರೆಬೆಂದ ರೊಟ್ಟಿಗಳು ಬೂದಿಗೆ ಬಿದ್ದವು. ಕಲ್ಲನ್ನು ಅವನ ಕಾಲ ಬುಡಕ್ಕೆ ಉರುಳಿಸಿದಳು.

"ಕದ್ದಿದ್ದಲ್ಲ ಸ್ವಾಮಿ. ನಿಮ್ಮ ಬಿಟ್ಟಿ ಚಾಕರಿಗೆ ಹೋಗಿ ಗೋಡೆ ಅಡಿ ಸಿಕ್ಕಿ ಸತ್ನಲ್ಲ ನನ್ನ ಗಂಡ, ಅವನ ಎದೆ ಮೇಲಿಂದ ನಾನೇ ಎತ್ತಿದ್ದು. ಅವತ್ತು ಇದು ನಮ್ಮ ಕಲ್ಲು ಅಂತ ಒಬ್ಬನೂ ಬರಲಿಲ್ಲ. ತಗೊಂಡೋಗಿ, ಗೋಡೆ ತುದೀಲೇ ಇಡಿ. ಮುಂದಿನ ಸಲ ಬೀಳುವಾಗ ಕೆಳಗೆ ನೀವು ನಿಂತಿರಿ."