ಪುಕ್ಕಟೆ ಕಿಡಿ

ಸೂರ್ಯ ಮಂಕಾದ ಮೇಲೆ ಸರಕಾರ ಮನೆಗೊಂದು ಲೋಹದ ಕಡ್ಡಿ ಹಂಚಿತ್ತು. ಗೀರಿದರೆ ಕಿಡಿ ಹಾರುತ್ತಿತ್ತು. ಆದರೆ ಮರಗಳೆಲ್ಲ ಕಂಪನಿಯವು. ಕಟ್ಟಿಗೆ ಸುಟ್ಟರೆ ಜೈಲು.

ಸೂಲಗಿತ್ತಿ ದುರುಗವ್ವ ಆಗತಾನೇ ಹುಟ್ಟಿದ ಕೂಸನ್ನು ಎದೆಗವಚಿಕೊಂಡು ಚೀರಿದಳು: "ಥಣ್ಣಗಾಗಾಕತ್ತೇತಿ! ಪುಕ್ಕಟೆ ಕಡ್ಡೀನ ಇದರ ಕೊಳ್ಳಾಗ ಕಟ್ಲೇನೋ, ಯಮನೂರಾ?"

ಕೂಸಿನ ಅಪ್ಪ ಯಮನೂರನ ಬಳಿ ಉಳಿದಿದ್ದ ಕಟ್ಟಿಗೆಯೆಂದರೆ ಅವನು ಬಾರಿಸುತ್ತಿದ್ದ ಹಲಗಿಯ ಮರದ ಬಳೆಯೊಂದೇ. ಕಾಯಿಸಿ ಬಿಗಿಮಾಡಲು ಬೆಂಕಿಯಿಲ್ಲದೆ ಆ ಹಲಗಿ ವರ್ಷಗಳಿಂದ ಮೂಕಾಗಿತ್ತು. ಅವನು ಚರ್ಮ ಹರಿದು ಬಳೆ ಮುರಿದ. ಗಾದಿಯ ಅರಳೆ ಹಿಂಜಿಟ್ಟು, ಚಾಕುವಿನಿಂದ ಕಡ್ಡಿ ಗೀರಿದ. ಉರಿ ಹತ್ತಿತು. ಕೂಸು ಕೈಕಾಲು ಆಡಿಸಿತು.

ಹೊಗೆ ಕಂಡು ಕಂಪನಿಯ ಕಾವಲುಗಾರ ಒಳಬಂದ. "ಎಷ್ಟ್ ದಿನಾತಪಾ ಬೆಂಕಿ ಕಂಡು," ಎನ್ನುತ್ತ ಕುಕ್ಕರಗಾಲಲ್ಲಿ ಕುಂತು ಎರಡೂ ಕೈ ಕಾಯಿಸಿಕೊಂಡ. ಕೂಸಿನ ಕೆನ್ನೆಯನ್ನೂ ಸವರಿದ. ಆಮೇಲೆ ಎದ್ದು, ಬೂಟುಗಾಲಿನಿಂದ ಬೆಂಕಿಯನ್ನು ತುಳಿದು ಆರಿಸಿದ.